ಹಸುವಿಗೆ ತೆರೆದ ಹಿಂದಿನ ಗೇಟು

ನನ್ನ ಮೊಮ್ಮಗಳು ಇವತ್ತು ಹೊಟ್ಟೆ ತುಂಬ ತಿಂಡಿ ತಿಂದು, ತನ್ನ ಕಾಲಲ್ಲಿ ತಾನೇ ನಡೆದುಕೊಂಡು ಒಂದನೇ ಕ್ಲಾಸಿಗೆ ಹೋಗಿ ಬಂದಳು! ಇದನ್ನು ಯಾರಿಗೆ ಹೇಳಲಿ, ಎಷ್ಟು ಸಲ ಹೇಳಲಿ ಅಂತ ನನಗೆ ಗೊತ್ತಾಗುತ್ತಿಲ್ಲ. ಬೆಳಿಗ್ಗೆಯಿಂದ ವಾಚ್‌ಮನ್‌ಗೆ ಹೇಳಿದೆ, ಸೊಪ್ಪಿನವಳಿಗೆ ಹೇಳಿದೆ, ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದ ಹುಡುಗನಿಗೂ ಹೇಳಿದೆ. ಅವನು ಕಿವಿಯಿಂದ ವೈರು ತೆಗೆದು, ಏನು ಕೇಳಿಸಿತೋ ಏನೋ, "ಸೂಪರ್ ಆಂಟಿ" ಅಂದ. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು.

ಮಗು ನಡೆದು ಸ್ಕೂಲಿಗೆ ಹೋದರೆ ಅದೇನು ದೊಡ್ಡ ಸುದ್ದಿ ಅನ್ನಬೇಡಿ. ಇದಕ್ಕೆ ಒಂದು ಮನೆ ಬಿಟ್ಟು, ಊರೆಲ್ಲ ಮನೆ ನೋಡಿ, ಒಂದು ಹಸುವಿನ ಕಾಲು ಹಿಡಿದಿದ್ದೇವೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ತಪ್ಪಿದ್ದರೆ ಸೊಸೆ ತಿದ್ದುತ್ತಾಳೆ, ಮಾತು ಮಾತ್ರ ನನ್ನದೇ.

ನಾನು ಸ್ಕೂಲ್ ಬಸ್ಸಿನ ಆಯಾ. ಬಸವೇಶ್ವರನಗರದ ಒಂದು ಶಾಲೆಯ ಬಸ್ಸಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಹತ್ತಿಸುವುದು, ಇಳಿಸುವುದು ನನ್ನ ಕೆಲಸ. ಒಂದು ಕೈಯಲ್ಲಿ ಬಾಗಿಲ ಕಂಬಿ, ಇನ್ನೊಂದು ಕೈಯಲ್ಲಿ ಮಗುವಿನ ರಟ್ಟೆ. ಹತ್ತಿಸುವಾಗ ಬ್ಯಾಗು ಮೊದಲು, ಮಗು ಆಮೇಲೆ. ಇಳಿಸುವಾಗ ಮಗು ಮೊದಲು, ಬ್ಯಾಗು ಆಮೇಲೆ. ಎಲ್ಲ ಇಳಿದ ಮೇಲೆ ಕೊನೇ ಸೀಟಿನವರೆಗೆ ಹೋಗಿ ಪ್ರತಿ ಸೀಟಿನ ಕೆಳಗೂ ಬಗ್ಗಿ ನೋಡಬೇಕು. ನಿದ್ದೆ ಹೋದ ಮಗು ಒಂದೊಂದು ಸಲ ಉರುಳಿಕೊಂಡು ಅಲ್ಲೇ ಮಲಗಿರುತ್ತದೆ. ನನ್ನ ಕೈಚೀಲದಲ್ಲಿ ಹಳೇ ಪೇಪರು, ಪ್ಲಾಸ್ಟಿಕ್ ಕವರು, ನಿಂಬೆಹಣ್ಣು, ಒದ್ದೆ ಬಟ್ಟೆ ಯಾವಾಗಲೂ ಇರುತ್ತವೆ. ವಾಂತಿ ಬರುವ ಮಗುವನ್ನು ಮುಖ ನೋಡಿದರೇ ಹೇಳಿಬಿಡುತ್ತೇನೆ. ಮೊದಲು ಮಾತು ನಿಲ್ಲುತ್ತದೆ, ಆಮೇಲೆ ತುಟಿ ಬಿಳಿಚಿಕೊಳ್ಳುತ್ತದೆ. ಅಷ್ಟರೊಳಗೆ ಕವರು ಬಿಚ್ಚಿರಬೇಕು.

ವಿಜಯನಗರದಲ್ಲಿ ನಮ್ಮದು ಬಾಡಿಗೆ ಮನೆ. ನಾನು, ನಮ್ಮೆಜಮಾನರು, ಮಗ, ಸೊಸೆ, ಮೊಮ್ಮಗಳು ಪುಟ್ಟಿ. ಈ ಸಂಕ್ರಾಂತಿಯ ದಿನ ಓನರಮ್ಮ ಎಳ್ಳು ಬೀರಲು ಬಂದರು. ತಟ್ಟೆ ಕೈಗೆ ಕೊಟ್ಟು ನಿಂತೇ ಇದ್ದರು, ಹೋಗಲಿಲ್ಲ.

"ಎಳ್ಳು ಬೆಲ್ಲ ಕೊಟ್ಟು ಇದನ್ನ ಹೇಳಬಾರ್ದು ಕಣ್ರೀ. ಮನೆ ಒಡೆದು ಹೊಸದಾಗಿ ಕಟ್ಟಿಸ್ತಾ ಇದೀವಿ. ಬೇಸಿಗೆ ರಜ ಮುಗಿಯೋದ್ರೊಳಗೆ ಖಾಲಿ ಮಾಡ್ಕೊಡಿ" ಅಂದರು. ಪಾಪ, ಅವರ ಮುಖವೂ ಸಪ್ಪಗಿತ್ತು.

ಆ ರಾತ್ರಿ ಊಟದ ಹೊತ್ತಿಗೆ ಮಗ ತಾನೇ ಮಾತು ತೆಗೆದ. ಅವನು ಹೊಸ ಅಪಾರ್ಟ್‌ಮೆಂಟುಗಳಿಗೆ ಅಲ್ಯೂಮಿನಿಯಂ ಕಿಟಕಿ ಕೂರಿಸುವ ಕೆಲಸದವನು. "ಅಮ್ಮ, ಇನ್ನು ಬಾಡಿಗೆ ಬೇಡ. ಊರವರ ಮನೆಗೆಲ್ಲ ಕಿಟಕಿ ಹಾಕಿದ್ದಾಯ್ತು. ನಮ್ಮದು ಅಂತ ಒಂದು ಕಿಟಕಿ ಬೇಡ್ವಾ?" ಸೊಸೆ ಲ್ಯಾಬಿನಲ್ಲಿ ಇದ್ದಾಳೆ, ಬೆಳಕು ಹರಿಯುವ ಮೊದಲೇ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವ ಕೆಲಸ. ಇಬ್ಬರ ಸಂಬಳದ ಮೇಲೆ ಬ್ಯಾಂಕಿನವರು ಸಾಲ ಕೊಡುತ್ತಾರಂತೆ. ಊರೊಳಗೆ ಆಗುವುದಿಲ್ಲ, ಹೊರಗಡೆ ಹೊಸ ಬಡಾವಣೆಗಳಲ್ಲಿ ಸಣ್ಣದೊಂದು ಫ್ಲಾಟು ಆಗುತ್ತದೆ.

ನನಗಂತೂ ಎದೆ ಹಿಗ್ಗಿತು. "ಪುಟ್ಟೀನ ನಮ್ಮ ಸ್ಕೂಲಿಗೇ ಸೇರಿಸೋಣ. ನನ್ನ ಬಸ್ಸಲ್ಲೇ ಹೋಗ್ತಾಳೆ, ನನ್ನ ಜೊತೇಲೇ ಬರ್ತಾಳೆ. ಬಸ್ ಬರೋ ಕಡೆ ಮನೆ ನೋಡು" ಅಂತ ಮಗನಿಗೆ ಅಪ್ಪಣೆ ಮಾಡಿದೆ. ಅಷ್ಟು ದಿನ ಪುಟ್ಟಿ ಓದುತ್ತಿದ್ದದ್ದು ನಮ್ಮ ಬೀದಿಯ ಕೊನೆಯ ಶಿಶುವಿಹಾರದಲ್ಲಿ. ತಾತನ ಬೆರಳು ಹಿಡಿದು ಕುಣಿದುಕೊಂಡು ಹೋಗುತ್ತಿದ್ದಳು. ಮಗು ಬಸ್ಸು ಹತ್ತಿದ್ದೇ ಕಡಿಮೆ, ಅದು ನನಗೆ ಹೊಳೆಯಲೇ ಇಲ್ಲ.

ಹೇರೋಹಳ್ಳಿ ಕಡೆ ಒಂದು ಮನೆ ಸಿಕ್ಕಿತು. ಪೂರ್ವಕ್ಕೆ ಬಾಗಿಲು, ಅಡುಗೆಮನೆಗೆ ಬೆಳಕು, ಎದುರಿನ ಸೈಟಿನಲ್ಲಿ ಹೊಂಗೆ ಮರ. ರಸ್ತೆ ಮಾತ್ರ ಉತ್ತು ಬಿತ್ತುವ ಹಾಗಿತ್ತು. ಆದರೆ ನಮ್ಮ ಬಸ್ಸಿನ ಮೊದಲನೇ ಸ್ಟಾಪು ಅಲ್ಲೇ! ನಾನು ಕುಣಿದಾಡಿದೆ. ಟೋಕನ್ ಹಣ ಕೊಡುವ ಮುಂಚೆ ಸೊಸೆ ಒಂದು ಮಾತು ಹೇಳಿದಳು. "ಅತ್ತೆ, ಒಂದ್ಸಲ ಪುಟ್ಟೀನ ನಿಮ್ ಬಸ್ಸಲ್ಲಿ ಕೂರಿಸಿ ನೋಡಿ. ಆಮೇಲೆ ಕೊಡೋಣ."

ಸ್ಕೂಲಿನ ದೊಡ್ಡ ಮೇಡಂ ಅಪ್ಪಣೆ ಕೇಳಿ ಒಂದು ಶನಿವಾರ ಕರೆದುಕೊಂಡು ಹೋದೆ. ಹೊಸ ಫ್ರಾಕು ಹಾಕಿಕೊಂಡು ಬಂದಿದ್ದಳು. ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು, ಹತ್ತಿದ ಮಕ್ಕಳಿಗೆಲ್ಲ "ಇವರು ನಮ್ಮಜ್ಜಿ, ಗೊತ್ತಾ?" ಅಂತ ಹೇಳುತ್ತಿದ್ದಳು. ಹೊಸ ಲೇಔಟುಗಳ ಒಳಗೆಲ್ಲ ಸುತ್ತಿ ಸುತ್ತಿ ಮಕ್ಕಳನ್ನು ತುಂಬಿಕೊಂಡು ಬಸ್ಸು ದೊಡ್ಡ ರಸ್ತೆಗೆ ತಿರುಗುವ ಹೊತ್ತಿಗೆ ಅವಳ ಮಾತು ನಿಂತಿತು. ತುಟಿ ಬಿಳಿಚಿಕೊಂಡಿತು.

ಎಷ್ಟೊಂದು ಮಕ್ಕಳಿಗೆ ಕವರು ಹಿಡಿದ ಕೈ ಇದು. ಅವತ್ತು ಕವರು ಬಿಚ್ಚುವುದನ್ನೇ ಮರೆಯಿತು. ಎಲ್ಲ ನನ್ನ ಸೀರೆಯ ಮೇಲೇ ಆಯಿತು.

"ಡ್ರೈವರಣ್ಣ, ಸೈಡಿಗೆ ಹಾಕಿ" ಅಂದೆ. ಅವರು ನಿಲ್ಲಿಸಿದರು. ಪುಟ್ಟಿ ಅಳಲಿಲ್ಲ. ನನ್ನ ಸೀರೆಯನ್ನೇ ನೋಡುತ್ತಾ, "ಅಜ್ಜಿ, ನಿನ್ ಮೇಡಂ ಬೈತಾರಾ?" ಅಂತ ಕೇಳಿದಳು. ಆ ಮಾತಿಗೆ ನಾನೇ ಅತ್ತೆ.

ನಾನು ಬಿಡುವವಳಲ್ಲ. ಮುಂದಿನ ಶನಿವಾರ ನಿಂಬೆಹಣ್ಣು ಮೂಸಲು ಕೊಟ್ಟೆ, ಅದರ ಮುಂದಿನ ಶನಿವಾರ ಶುಂಠಿ ಉಪ್ಪು ನಾಲಿಗೆಗೆ ಇಟ್ಟೆ. ಕಿಟಕಿ ತೆಗೆದು ಕೂರಿಸಿದೆ, ದೂರ ನೋಡು ಅಂದೆ. ಡ್ರೈವರಣ್ಣ ಬ್ರೇಕ್ ಕೂಡ ಮೆತ್ತಗೆ ಒತ್ತಿದರು. ಯಾವುದರಿಂದಲೂ ವಾಂತಿ ನಿಲ್ಲಲಿಲ್ಲ. ಕೊನೆಗೆ ಆದದ್ದು ಏನು ಗೊತ್ತಾ? ಮಗು ಬೆಳಿಗ್ಗೆ ತಿಂಡಿ ತಿನ್ನುವುದನ್ನೇ ಬಿಟ್ಟಿತು. ಬಸ್ಸಿಲ್ಲದ ದಿನವೂ ಅಷ್ಟೇ. ಇಡ್ಲಿ ಮುಂದಿಟ್ಟರೆ ತಟ್ಟೆಯನ್ನು ಮೆಲ್ಲಗೆ ತಾತನ ಕಡೆ ಸರಿಸುತ್ತಿದ್ದಳು.

"ತಿನ್ನು ಚಿನ್ನ" ಅಂದರೆ, "ತಿಂದ್ರೆ ತಾನೆ ಅಜ್ಜಿ ಬರೋದು? ತಿನ್ನದಿದ್ರೆ ಬರಲ್ಲ" ಅನ್ನುತ್ತಿದ್ದಳು.

ಫ್ರಾಕಿನ ತೋಳು ಸಡಿಲವಾಗುತ್ತಾ ಬಂತು. ಹೊಸ ಲೇಔಟಿನ ಮಕ್ಕಳು ಅರ್ಧ ಜಡೆ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡೇ ಬಸ್ಸು ಹತ್ತುವುದನ್ನು ನಾನು ದಿನಾ ನೋಡುತ್ತೇನೆ. ಅವರ ಟಿಫನ್ ಡಬ್ಬಿಯಲ್ಲಿ ಬೆಳಗಿನ ತಿಂಡಿಯೂ ಇರುತ್ತದೆ, ಮಧ್ಯಾಹ್ನದ್ದೂ ಇರುತ್ತದೆ. ಅದನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿತ್ತು. ನನ್ನ ಮನೆಯ ಮಗು ತಟ್ಟೆ ಸರಿಸಿದಾಗ ಅಭ್ಯಾಸ ಎಲ್ಲ ಹೋಯಿತು.

ಸೊಸೆ ಅವತ್ತು ಗಟ್ಟಿಯಾಗಿ ಹೇಳಿದಳು. "ಬಸ್ಸು ಬೇಡ ಅತ್ತೆ. ಪುಟ್ಟಿ ನಡೆದು ಹೋಗೋಷ್ಟು ಹತ್ತಿರ ಸ್ಕೂಲ್ ಇರ್ಬೇಕು. ಆ ಥರ ಮನೆ ಸಿಗೋವರೆಗೂ ನೋಡೋಣ." ಸ್ಕೂಟರಿನಲ್ಲಿ ಬಿಡೋಣ ಅಂದರೆ ಆ ಹೊತ್ತಿಗೆ ಮಗ ಸೈಟಿನಲ್ಲಿ, ಸೊಸೆ ಯಾರದೋ ಮನೆಯಲ್ಲಿ ಸೂಜಿ ಹಿಡಿದುಕೊಂಡು, ನಾನು ಬಸ್ಸಿನ ಬಾಗಿಲಲ್ಲಿ. ಮನೆಯಲ್ಲಿ ಉಳಿಯುವುದು ತಾತ ಒಬ್ಬರೇ. ಅವರ ಮಂಡಿ ಸವೆದಿದೆ. ಸ್ವಲ್ಪ ದೂರವಾದರೆ ನಡೆಯುತ್ತಾರೆ, ಆಮೇಲೆ ಕಲ್ಲು ಹುಡುಕಿ ಕೂತುಬಿಡುತ್ತಾರೆ.

ಅಲ್ಲಿಂದ ನಮ್ಮ ಭಾನುವಾರಗಳೆಲ್ಲ ಮನೆ ನೋಡುವುದಕ್ಕೇ ಹೋದವು. ಬ್ರೋಕರುಗಳ ಬಾಯಲ್ಲಿ ಎಲ್ಲ ಸ್ಕೂಲೂ ಐದು ನಿಮಿಷ. ಒಬ್ಬ ಹುಡುಗನನ್ನು ನಮ್ಮೆಜಮಾನರು ಕೇಳಿಯೇಬಿಟ್ಟರು. "ಐದು ನಿಮಿಷ ಅಂದ್ಯಲ್ಲಪ್ಪ, ಕಾಲಲ್ಲೋ ಗಾಡೀಲೋ?"

"ಅಯ್ಯೋ, ಈಗ ಯಾರು ನಡೀತಾರೆ ಅಂಕಲ್!" ಅಂತ ಅವನು ನಕ್ಕ.

ಮಹಾಲಕ್ಷ್ಮಿ ಲೇಔಟಿಗೂ ಹೋದೆವು. ಅಲ್ಲಿ ಮೂಲೆಮೂಲೆಗೆ ಸ್ಕೂಲು, ನೆರಳಿರುವ ಫುಟ್‌ಪಾತು. ಬ್ರೋಕರು ಬೆಲೆ ಹೇಳಿದ ಮೇಲೆ ನಾವು ಅಲ್ಲಿ ಒಂದೊಂದು ಎಳನೀರು ಕುಡಿದು ವಾಪಸು ಬಂದೆವು. "ಇಲ್ಲಿ ಸ್ಕೂಲು ಮನೆ ಪಕ್ಕದಲ್ಲೇ ಇದೆ ಕಣೇ. ಮನೆ ಮಾತ್ರ ನಮ್ಮ ಪಕ್ಕದಲ್ಲಿಲ್ಲ" ಅಂದರು ನಮ್ಮೆಜಮಾನರು.

ಕೆಂಗೇರಿಯಾಚೆ ಮಗ ಕಿಟಕಿ ಹಾಕಿದ್ದ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿಯ ಸಣ್ಣ ಫ್ಲಾಟು ಉಳಿದಿತ್ತು. ನಾನು ಒಳಗೆ ಹೋದವಳೇ ಪಾತ್ರೆ ತೊಳೆಯುವ ಬಾಲ್ಕನಿಗೆ ಬಂದೆ. ಕೆಳಗೆ ನೋಡಿದರೆ ಕಾಂಪೌಂಡು ಗೋಡೆ, ಗೋಡೆಯಾಚೆ ಹಳ್ಳಿಯ ಒಂದು ಓಣಿ, ಓಣಿಯ ಆಚೆ ಬೇವಿನ ಮರ, ಮರದ ಕೆಳಗೆ ಜಾರುಬಂಡೆ. ಸ್ಕೂಲು! ಇಲ್ಲಿಂದ ಕೂಗಿದರೆ ಅಲ್ಲಿ ಪುಟ್ಟಿಗೆ ಕೇಳಿಸುತ್ತದೆ. ಗೋಡೆಯಲ್ಲಿ ಒಂದು ಗೇಟೂ ಇತ್ತು. ಅದಕ್ಕೆ ಸರಪಳಿ, ಬೀಗ. ಭಾನುವಾರ ಅಲ್ವಾ, ಅದಕ್ಕೇ ಬೀಗ ಹಾಕಿದ್ದಾರೆ ಅಂದುಕೊಂಡೆ. ನಮ್ಮ ಸ್ಕೂಲಿನ ಗೇಟಿಗೂ ಭಾನುವಾರ ಬೀಗ ತಾನೆ?

"ಇದೇ ಮನೆ" ಅಂದೆ. "ಕಣ್ಣು ಮುಚ್ಚಿಕೊಂಡು ತಗೊಳ್ಳಿ."

ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡೆವು. ಮಗ ಫೋನಿನಲ್ಲೇ ಅರ್ಜಿ ತುಂಬಿದ, ಪುಟ್ಟಿಗೆ ಆ ಸ್ಕೂಲಿನಲ್ಲಿ ಸೀಟೂ ಸಿಕ್ಕಿತು. ರಿಜಿಸ್ಟ್ರೇಷನ್ ಮುಗಿದು ಕೀ ಕೈಗೆ ಬಂದ ಮೇಲೆ, ಒಂದು ಬುಧವಾರ ನಾನೂ ಪುಟ್ಟಿಯೂ ಸ್ಕೂಲಿಗೆ ನಡೆದು ನೋಡೋಣ ಅಂತ ಹೋದೆವು. ಗೇಟಿಗೆ ಅದೇ ಸರಪಳಿ, ಅದೇ ಬೀಗ. ಬೀಗಕ್ಕೆ ಜೇಡ ಬಲೆ ಕಟ್ಟಿತ್ತು.

ವಾಚ್‌ಮನ್‌ನನ್ನು ಕೂಗಿದೆ. "ಇದನ್ನ ತೆಗಿಯಪ್ಪ."

"ಇದಾ? ಇದು ತೆಗೆಯೋ ಗೇಟಲ್ಲ ಆಂಟಿ."

"ತೆಗೆಯದೆ ಇರೋದಕ್ಕೆ ಗೇಟು ಯಾಕಪ್ಪ ಇಟ್ರು?"

"ಪ್ಲಾನಲ್ಲಿತ್ತಂತೆ. ಇಟ್ಟವ್ರೆ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಸ್ಕೂಲ್ ಬಸ್ಸಿನಲ್ಲಿ ಜೀವ ಸವೆಸಿದವಳು ನಾನು. ನಾವು ಹಾರ್ನ್ ಹೊಡೆದರೆ ಯಾವ ಗೇಟಾದರೂ ತೆಗೆಯುತ್ತಿತ್ತು. ಸ್ಕೂಲಿಗೆ ಹೋಗುವ ಮಗುವಿಗೆ ಮುಚ್ಚಿದ ಗೇಟನ್ನು ನಾನು ಕಂಡೇ ಇರಲಿಲ್ಲ.

ಸುತ್ತು ದಾರಿ ನೋಡೋಣ ಅಂತ ಎದ್ದೆ. ಮುಂದಿನ ಗೇಟಿನಿಂದ ಮೇನ್ ರೋಡಿಗೆ, ಅಲ್ಲಿಂದ ಪೆಟ್ರೋಲ್ ಬಂಕು ದಾಟಿ, ಮೋರಿ ಬಳಸಿ, ಹಳ್ಳಿಯೊಳಗೆ ಇಳಿದು ಹಿಂದಕ್ಕೆ ಬರಬೇಕು. ಫುಟ್‌ಪಾತು ಇಲ್ಲ. ನೀರಿನ ಟ್ಯಾಂಕರು, ಜಲ್ಲಿ ಲಾರಿ ಮೈ ಸವರಿಕೊಂಡೇ ಹೋಗುತ್ತವೆ. ಪುಟ್ಟಿ ನನ್ನ ಸೆರಗು ಬಿಗಿಯಾಗಿ ಹಿಡಿದು ಬಂದಳು. ಅರ್ಧ ದಾರಿಯಲ್ಲಿ, "ಅಜ್ಜಿ, ಮೇಲಿಂದ ನೋಡಿದಾಗ ಹತ್ರ ಇತ್ತಲ್ಲ. ಸ್ಕೂಲು ಎದ್ದು ಹೋಯ್ತಾ?" ಅಂದಳು. ಈ ದಾರಿಯಲ್ಲಿ ತಾತನ ಮಂಡಿ ಬಂಕಿನವರೆಗೂ ಬರುವುದಿಲ್ಲ. ವ್ಯಾನು ಉಂಟು. ವ್ಯಾನು ಅಂದರೆ ಮತ್ತೆ ಅದೇ ವಾಂತಿ, ಅದೇ ಸರಿಸಿದ ತಟ್ಟೆ.

ಮನೆಗೆ ಬಂದು ಹೇಳಿದಾಗ ಮಗ ತಲೆ ಮೇಲೆ ಕೈ ಹೊತ್ತು ಕೂತ. "ಕಿಟಕಿ ಅಳತೆ ಮಾಡೋಕೆ ಎಷ್ಟ್ ಸಲ ಹೋಗಿದೀನಮ್ಮ ಅಲ್ಲಿಗೆ. ಗೇಟ್ ಕಡೆ ನೋಡ್ಲೇ ಇಲ್ಲ." ನಮ್ಮೆಜಮಾನರು ಮಾತ್ರ, "ನಿಮ್ಮಮ್ಮ ಹೋಗಿ ಗೇಟ್ ಮುಂದೆ ಹಾರ್ನ್ ಹೊಡೀಲಿ ಬಿಡೋ" ಅಂದರು. ಕೋಪ ಬಂತು, ನಗುವೂ ಬಂತು.

ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಅಧ್ಯಕ್ಷರು ದಾವಣಗೆರೆ ಕಡೆಯಿಂದ ಬಂದವರು, ದೊಡ್ಡ ಅಧಿಕಾರಿಯಾಗಿದ್ದು ನಿವೃತ್ತರಾದವರು. ಹಣೆಗೆ ವಿಭೂತಿ, ಕಾಲಿಗೆ ವಾಕಿಂಗ್ ಶೂಸು. ಒಳ್ಳೆಯವರು, ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಆಗಲ್ಲ ಅಂದರು.

"ನೋಡಮ್ಮ, ಹಿಂದಿನ ಗೇಟ್ ತೆಗೆದ್ರೆ ಸೆಕ್ಯುರಿಟಿ ಯಾರು ನೋಡ್ತಾರೆ? ಇನ್ನೊಬ್ಬ ವಾಚ್‌ಮನ್ ಇಡೋಕಾಗಲ್ಲ. ಆ ಕಡೆ ಗೇಟಿಗೆ ಒತ್ಕೊಂಡೇ ತಿಪ್ಪೆ ಇದೆ. ತೆಗೆದ್ರೆ ಮೊದಲು ಒಳಗೆ ಬರೋದು ದನ. ನಿಮ್ಮ ಮೊಮ್ಮಗಳೊಬ್ಬಳಿಗೋಸ್ಕರ ದನ ಬಿಟ್ಕೊಳಕ್ಕಾಗುತ್ತಾ?"

"ಆಗಲ್ಲ ಸಾರ್" ಅಂತ ಬಂದೆ. ಅವರು ಹೇಳಿದ್ದು ತಪ್ಪು ಅಂತ ನನಗೂ ಅನ್ನಿಸಲಿಲ್ಲ. ನಾನೂ ಬಾಗಿಲು ಕಾಯುವವಳೇ. ಕಾಯುವವರಿಲ್ಲದ ಬಾಗಿಲು ತೆರೆದಿಡಬಾರದು ಅಂತ ಗೊತ್ತು.

ಗೃಹಪ್ರವೇಶಕ್ಕೆ ದಿನ ಗೊತ್ತಾಯಿತು. ಪೂಜೆ ಮಾಡಿಸುವ ಅಯ್ನೋರು, "ಹಸು ಕರು ಮೂರನೇ ಮಹಡಿಗೆ ಬರೋದು ಬೇಡ. ಮೆಟ್ಟಿಲ ಬುಡಕ್ಕೆ ಬಂದ್ರೆ ಸಾಕು, ಅಲ್ಲೇ ಪೂಜೆ ಮಾಡೋಣ" ಅಂದಿದ್ದರು. ಅಲ್ಲಿ ಬೇರೆ ಮನೆಯವರೆಲ್ಲ ದೂರದಿಂದ ಟೆಂಪೋದಲ್ಲಿ ಹಸು ತರಿಸಿದ್ದರಂತೆ. ಕಳೆದ ಸಲ ಬಂದ ಹಸು ಟೆಂಪೋ ಇಳಿಯುವಾಗ ಟೈಲ್ಸ್ ಮೇಲೆ ಜಾರಿ, ಹೆದರಿ, ಆರತಿ ತಟ್ಟೆಯನ್ನೇ ಒದ್ದಿತ್ತಂತೆ. ವಾಚ್‌ಮನ್ ಇದನ್ನು ನಗುತ್ತಾ ಹೇಳಿದ. ನನಗೆ ತಿಪ್ಪೆ ನೆನಪಾಯಿತು. ತಿಪ್ಪೆ ಇದ್ದ ಮೇಲೆ ಹಸು ಇರಲೇಬೇಕಲ್ಲ.

ಸುತ್ತು ದಾರಿಯಲ್ಲೇ ನಡೆದು ಓಣಿಗೆ ಹೋದೆ. ಹೆಂಚಿನ ಮನೆ, ಮುಂದೆ ಕೊಟ್ಟಿಗೆ. ನನ್ನಷ್ಟೇ ವಯಸ್ಸಿನ ಹೆಂಗಸು ಹುಲ್ಲು ಹಾಕುತ್ತಿದ್ದರು. ಹಸುವಿನ ಪಕ್ಕದಲ್ಲಿ ಕೆಂಪು ಬಣ್ಣದ ಎಳೇ ಕರು, ಕಾಲು ಇನ್ನೂ ಗಟ್ಟಿಯಾಗಿರಲಿಲ್ಲ.

"ಯಾರವ್ವ ನೀನು? ಹಾಲಿಗೆ ಬಂದ್ಯಾ?"

"ಹಾಲಿಗಲ್ಲ ಅಕ್ಕ, ಹಸುವಿಗೆ ಬಂದೆ. ಆ ಗೋಡೆಯಾಚೆ ನಮ್ಮ ಹೊಸ ಮನೆ. ಗೃಹಪ್ರವೇಶಕ್ಕೆ ಹಸು ಕರು ಬೇಕಾಗಿತ್ತು."

ಅವರು ಹುಲ್ಲು ಕೆಳಗೆ ಹಾಕಿ ಸೊಂಟದ ಮೇಲೆ ಕೈ ಇಟ್ಟರು. "ಓಹೋ, ಗೋಡೆಯೋರಾ! ನಮ್ಮ ಹಸ ಮೇಯೋ ಜಾಗದಾಗೆ ಗೋಡೆ ಎತ್ತಿದ್ರಿ. ಈಗ ಅದೇ ಹಸ ಬಂದು ನಿಮಗೆ ಒಳ್ಳೇದು ಮಾಡ್ಬೇಕಾ?"

"ಗೋಡೆ ನಮಗೂ ಅಡ್ಡ ಆಗೈತೆ ಅಕ್ಕ" ಅಂದೆ. ಅವರ ಭಾಷೆ ನನ್ನ ಬಾಯಿಗೂ ಬಂದುಬಿಟ್ಟಿತ್ತು. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಪುಟ್ಟಿಯ ವಾಂತಿ, ತಿನ್ನದ ತಿಂಡಿ, ಬೀಗ, ಎಲ್ಲ ಹೇಳಿದೆ. ಅವರು ಕರುವಿನ ಕತ್ತಿನ ಕೆಳಗಿನ ಗಂಗೆದೊಗಲು ಸವರುತ್ತಾ ಕೇಳಿಸಿಕೊಂಡರು.

ಆಮೇಲೆ ಹೇಳಿದರು. "ಹಸ ಕೊಡ್ತೀನವ್ವ. ಆದ್ರೆ ಆ ಮೇನ್ ರೋಡಾಗೆ ಲಾರಿ ಮಧ್ಯೆ ಈ ಎಳೇ ಕರ ನಡೆಸ್ಕೊಂಡು ನಾನು ಬರಾಕಿಲ್ಲ. ಟೆಂಪೋಗೆ ಹತ್ತಿಸಾಕೂ ಇಲ್ಲ, ಬಾಣಂತಿ ಹಸ. ಹಿಂದ್ಲ ಗೇಟ್ ತೆಗೆಸು. ನಿನ್ ಮೊಮ್ಮಗಳು ಹೋಗೋ ದಾರೀಲೇ ನನ್ ಕರನೂ ಬತ್ತದೆ."

ನಾನು ಬಗ್ಗಿ ಆ ಹಸುವಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಮಾರನೇ ದಿನ ಮತ್ತೆ ಅಧ್ಯಕ್ಷರ ಮನೆ. ಈ ಸಲ ಪುಟ್ಟಿಯ ಸುದ್ದಿಯನ್ನೇ ಎತ್ತಲಿಲ್ಲ. "ಸಾರ್, ಗೃಹಪ್ರವೇಶಕ್ಕೆ ಹಸು ಹಿಂದಿನ ಓಣಿಯಿಂದಲೇ ಬರುತ್ತೆ. ಎಳೇ ಕರು, ಮೇನ್ ರೋಡಲ್ಲಿ ಬರೋಕಾಗಲ್ಲ. ಆ ಒಂದು ಬೆಳಿಗ್ಗೆ ಮಾತ್ರ ಗೇಟು ತೆಗೆಸಿಕೊಡಿ."

ಅವರು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಅವರ ಮನೆಯವರ ದನಿ ಬಂತು. "ರೀ, ಹಸು ಕರು ಬಾಗ್ಲಿಗೆ ಬರ್ತೀನಿ ಅಂದ್ರೆ ಬೇಡ ಅಂತೀರಾ? ನಾಲಿಗೆ ಬರುತ್ತಾ ನಿಮಗೆ?"

"ನಾನೆಲ್ಲಿ ಬೇಡ ಅಂದೆ!" ಅಂದರು ಅಧ್ಯಕ್ಷರು. "ಆ ಒಂದು ಬೆಳಿಗ್ಗೆ ಮಾತ್ರ."

ಬೀಗದ ಕೀ ಸಿಕ್ಕಿತು, ಆದರೆ ತಿರುಗಲಿಲ್ಲ. ವಾಚ್‌ಮನ್ ಕೊಬ್ಬರಿ ಎಣ್ಣೆ ಬಿಟ್ಟು ನೋಡಿದ. ಕೊನೆಗೆ ನನ್ನ ಮಗ ಕಿಟಕಿ ಕೊಯ್ಯುವ ಮಿಷನ್ನು ತಂದು ಸರಪಳಿ ಕತ್ತರಿಸಿದ. ಆ ಕಡೆ ಹಸುವಿನ ಅಕ್ಕ ಹಿಂದಿನ ದಿನವೇ ತಿಪ್ಪೆಯನ್ನು ಓಣಿಯ ಕೊನೆಗೆ ಸಾಗಿಸಿ, ನೆಲ ಸಾರಿಸಿ, ಗೇಟಿನ ಮುಂದೆ ರಂಗೋಲಿ ಹಾಕಿದ್ದರು! ನಾನು ಕೇಳಿರಲಿಲ್ಲ. ಗೇಟು ಕಿರ್ರ್ ಅಂತ ತೆಗೆಯಿತು. ಕೊಂಬಿಗೆ ಹೂವು ಸುತ್ತಿಕೊಂಡು ಹಸು ಬಂತು, ಹಿಂದೆ ಕರು ಚಂಗನೆ ಹಾರಿ ಬಂತು. ಬಾಲ್ಕನಿಗಳಲ್ಲಿ ನಿಂತಿದ್ದವರೆಲ್ಲ ಅರಿಶಿನ ಕುಂಕುಮ ಹಿಡಿದು ಕೆಳಗಿಳಿದರು. ಹಸು ಮೆಟ್ಟಿಲ ಬುಡದಲ್ಲಿ ಪೂಜೆ ಮಾಡಿಸಿಕೊಂಡು, ಬಾಳೆಹಣ್ಣು ತಿಂದು, ಹೋಗುವಾಗ ಅಧ್ಯಕ್ಷರ ಕಾರಿನ ಮುಂದೆ ನಿಂತು ಸಗಣಿ ಹಾಕಿತು. ಎಲ್ಲರೂ ಅಧ್ಯಕ್ಷರ ಮುಖ ನೋಡಿದರು.

"ಶುಭ ಕಣ್ರೀ, ಶುಭ!" ಅಂದರು ಅವರ ಮನೆಯವರು. ಅಧ್ಯಕ್ಷರೂ ನಕ್ಕರು.

ಅಷ್ಟರಲ್ಲಿ ಎರಡನೇ ಮಹಡಿಯ, ಮೇನ್ ರೋಡಿನ ಕಡೆಯ ಫ್ಲಾಟಿನ ಒಬ್ಬ ತಾಯಿ ತೆರೆದ ಗೇಟಿನಲ್ಲಿ ನಿಂತು ಆಚೆ ನೋಡಿ, "ಅಯ್ಯೋ, ಇದು ನಮ್ ಹುಡುಗ್ರ ಸ್ಕೂಲಲ್ವಾ?" ಅಂದಳು. ಅವಳ ಮಕ್ಕಳು ಮುಂದಿನ ಗೇಟಿನಲ್ಲಿ ವ್ಯಾನು ಹತ್ತಿ, ಊರೆಲ್ಲ ಸುತ್ತಿ, ಇದೇ ಸ್ಕೂಲಿಗೆ ಬರುತ್ತಿದ್ದರು!

ಇನ್ನೇನು ಆಯಿತು ಅಂದುಕೊಂಡೆ. ಮಧ್ಯಾಹ್ನ ಊಟ ಮುಗಿಸಿ ಕೆಳಗೆ ಬಂದರೆ ಗೇಟಿಗೆ ಹೊಸ ಬೀಗ. ಒಂದು ಬೆಳಿಗ್ಗೆ ಅಂದರೆ ಒಂದು ಬೆಳಿಗ್ಗೆ. ಪುಟ್ಟಿ ಬಾಲ್ಕನಿಯಿಂದ ಕೆಳಗೆ ನೋಡಿ, ಒಳಗೆ ಹೋದಳು. ಮರುದಿನ ಬೆಳಿಗ್ಗೆ ದೋಸೆಯ ತಟ್ಟೆ ಮತ್ತೆ ತಾತನ ಕಡೆ ಹೋಯಿತು.

ಆದರೆ ಪೂಜೆಯ ದಿನ ಹಸುವಿನ ಅಕ್ಕ ಒಂದು ತಂಬಿಗೆ ಹಾಲು ತಂದುಕೊಟ್ಟಿದ್ದರು. ಅದರಲ್ಲಿ ಮಾಡಿದ ಕಾಫಿಯನ್ನು ಅಧ್ಯಕ್ಷರ ಮನೆಯವರು ಕುಡಿದಿದ್ದರು. ಎರಡು ದಿನ ಬಿಟ್ಟು ನೋಡುತ್ತೇನೆ, ಅವರು ಬೆಳಿಗ್ಗೆ ಹಿಂದಿನ ಗೇಟಿನ ಹತ್ತಿರ ಪಾತ್ರೆ ಹಿಡಿದು ನಿಂತಿದ್ದಾರೆ. ಆಚೆ ಕಡೆ ಹಸುವಿನ ಅಕ್ಕ. ಈ ಕಡೆ ಅಧ್ಯಕ್ಷರ ಮನೆಯವರ ಹಿಂದೆ ಇನ್ನೂ ಕೆಲವರು ಹೆಂಗಸರು. ಕಂಬಿಯ ಸಂದಿಯಲ್ಲಿ ಪಾತ್ರೆ ತೂರುವುದಿಲ್ಲ. ಅಕ್ಕ ಸಂದಿಯಿಂದ ಕೈ ಹಾಕಿ ಲೋಟದಲ್ಲಿ ಅಳೆದು ಸುರಿಯುತ್ತಾರೆ, ಅರ್ಧ ಹಾಲು ನೆಲಕ್ಕೆ.

ವಾಕಿಂಗ್ ಮುಗಿಸಿ ಬಂದ ಅಧ್ಯಕ್ಷರನ್ನು ಅವರ ಮನೆಯವರು ಅಲ್ಲೇ ಹಿಡಿದುಕೊಂಡರು. "ನೋಡಿ, ಹಾಲು ಚೆಲ್ಲಿದ ಪಾಪ ಯಾರಿಗೆ? ನಿಮ್ ಬೀಗಕ್ಕೆ!"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಏನಮ್ಮ, ಇದೆಲ್ಲಾ ನಿಮ್ಮ ಪ್ಲಾನಾ?"

"ದೇವರಾಣೆ ಇಲ್ಲ ಸಾರ್" ಅಂದೆ. ಆಮೇಲೆ ಧೈರ್ಯ ಮಾಡಿ ಕೇಳಿದೆ. "ಗೇಟು ದಿನವೆಲ್ಲ ಬೇಡ ಸಾರ್. ಹಾಲಿನ ಹೊತ್ತು, ಸ್ಕೂಲಿನ ಹೊತ್ತು, ಸ್ಕೂಲು ಬಿಡೋ ಹೊತ್ತು. ಅಷ್ಟು ಹೊತ್ತು ಯಾರಾದರೂ ಒಬ್ಬರು ನಿಂತರೆ ಸಾಕು. ನಿಲ್ಲೋದು ನನಗೆ ಗೊತ್ತು, ನಾನು ಹೇಳಿಕೊಡ್ತೀನಿ."

ಅವರು ಬೀಗವನ್ನೂ ಹೆಂಡತಿಯ ಪಾತ್ರೆಯನ್ನೂ ನೋಡಿದರು. "ಬೆಳಿಗ್ಗೆ ಹೇಗೂ ನಾನು ವಾಕಿಂಗ್ ಮಾಡ್ತೀನಿ. ಕೀ ನನ್ನ ಹತ್ರಾನೇ ಇರ್ಲಿ" ಅಂದರು.

ಆ ಭಾನುವಾರ ಸಂಜೆ ಗೇಟಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿ ನನ್ನ ಕೆಲಸ ಕಲಿಸಿದೆ. ಬಾಗಿಲು ಪೂರ್ತಿ ತೆಗೆಯಬೇಡಿ, ಒಂದು ಮಗು ಹಿಡಿಯುವಷ್ಟು ತೆಗೆಯಿರಿ. ಕಂಬಿ ಎಡಗೈಯಲ್ಲಿ. ಕಣ್ಣು ಮಗುವಿನ ಮೇಲಲ್ಲ, ಆಚೆಯ ದಾರಿಯ ಮೇಲೆ. ಓಡುವವನನ್ನು ಹಿಂದೆ ಹಾಕಿ, ಅಳುವವಳನ್ನು ಮುಂದೆ ಕಳಿಸಿ. ಸಂಜೆ ಎಲ್ಲ ಬಂದ ಮೇಲೂ ಒಂದು ಸಲ ಓಣಿಗೆ ಹೋಗಿ ನೋಡಿ ಬೀಗ ಹಾಕಿ. ಅಧ್ಯಕ್ಷರು ಎಡಗೈಯಲ್ಲಿ ಕಂಬಿ ಹಿಡಿದು ನಿಂತರು. "ಸಾರ್, ಹೊಟ್ಟೆ ಒಳಗೆ, ಮಗು ಹೋ‌ಗ್ಬೇಕು" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಇವತ್ತು ಬೆಳಿಗ್ಗೆ ಪುಟ್ಟಿ ಎದ್ದವಳೇ ಬಾಲ್ಕನಿಗೆ ಓಡಿದಳು. ಗೇಟು ತೆಗೆದಿತ್ತು. ಹಾಲಿನವರು ನಿಂತಿದ್ದರು. ಒಳಗೆ ಬಂದು ತಟ್ಟೆಯ ಮುಂದೆ ಕೂತಳು. ಉಪ್ಪಿಟ್ಟು ಬಡಿಸಿ ನಾನು ಬೇಕೆಂದೇ ಅಡುಗೆಮನೆಗೆ ಹೋದೆ, ನೋಡುತ್ತಾ ನಿಂತರೆ ಮಗುವಿಗೆ ಭಯವಾಗಬಾರದು ಅಂತ. ಬಾಗಿಲ ಸಂದಿಯಿಂದ ನೋಡಿದೆ. ತಟ್ಟೆ ತಾತನ ಕಡೆ ಹೋಗಲಿಲ್ಲ. ತಾತನೇ ಕೈ ಚಾಚಿದರೆ, "ನಿಂದು ನಿನಗಿದೆಯಲ್ಲ ತಾತ" ಅಂತ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು.

ನಮ್ಮ ಸ್ಕೂಲು ಮುಂದಿನ ವಾರ ಶುರು. ಆಗ ಕೆಂಗೇರಿಯಿಂದ ಮೆಟ್ರೋ ಹತ್ತಿ ನನ್ನ ಬಸ್ಸಿಗೆ ಹೋಗುತ್ತೇನೆ. ಇವತ್ತು ಮಾತ್ರ ಈ ಗೇಟಿನಲ್ಲಿ ನಾನೇ ನಿಂತೆ. ಬ್ಯಾಗು ಹೊತ್ತ ಮಕ್ಕಳು ಒಬ್ಬೊಬ್ಬರಾಗಿ ಬಂದರು. ಕೊನೆಗೆ ಪುಟ್ಟಿ, ತಾತನ ಬೆರಳು ಹಿಡಿದುಕೊಂಡು. ನಾನು ಅಭ್ಯಾಸಬಲದಿಂದ ಅವಳ ರಟ್ಟೆ ಹಿಡಿದೆ.

"ಬಿಡು ಅಜ್ಜಿ, ಇದು ಬಸ್ಸಲ್ಲ" ಅಂದಳು.

ಬಿಟ್ಟೆ. ಓಣಿಯಲ್ಲಿ ಹಸುವಿನ ಅಕ್ಕ ಕರುವನ್ನು ಹಿಡಿದುಕೊಂಡು ನಿಂತಿದ್ದರು. ಪುಟ್ಟಿ ಕರುವಿನ ಹಣೆ ಮುಟ್ಟಿದಳು, ಆಮೇಲೆ ಹಿಂದೆ ತಿರುಗಿ, "ತಾತ, ನಿಧಾನಕ್ಕೆ ಬಾ, ನಾನು ಕಾಯ್ತೀನಿ" ಅಂತ ನಿಂತಳು. ಬೇವಿನ ಮರದ ಕೆಳಗೆ ಹೋಗುವವರೆಗೂ ಎರಡು ಬೆನ್ನು ನನಗೆ ಕಾಣುತ್ತಿತ್ತು. ಕಂಬಿ ಹಿಡಿದುಕೊಂಡೇ ಅತ್ತೆ. ಅಧ್ಯಕ್ಷರು ವಾಚು ನೋಡುತ್ತಿರುವವರ ಹಾಗೆ ಆ ಕಡೆ ತಿರುಗಿದರು.

ಸಂಜೆ ಮಗ ಬೇಗ ಬಂದ, ಸೊಸೆಯೂ ಬಂದಳು. ಹೊಸ ಮನೆಗೆ ಇನ್ನೂ ಟೇಬಲ್ಲು ಬಂದಿಲ್ಲ. ಮಗ ಕೂರಿಸಿದ ಕಿಟಕಿಯ ಕೆಳಗೆ ಚಾಪೆ ಹಾಸಿ ಎಲ್ಲರೂ ಸುತ್ತ ಕೂತೆವು. ಅಕ್ಕನ ಮನೆಯ ಹಾಲಿನಲ್ಲಿ ಶಾವಿಗೆ ಪಾಯಸ, ಹುಳಿ, ಹಪ್ಪಳ. ನಮ್ಮೆಜಮಾನರು ಮಂಡಿ ನೀವಿಕೊಂಡು, "ಇವತ್ತು ಒಂದು ಕಡೇನೂ ಕಲ್ಲು ಹುಡುಕಲಿಲ್ಲ ಕಣೇ" ಅಂತ ಜಂಬ ಕೊಚ್ಚಿಕೊಂಡರು. ಪುಟ್ಟಿ ಕ್ಲಾಸಿನ ಸುದ್ದಿ ಹೇಳುತ್ತಾ, ಹಪ್ಪಳ ಮುರಿಯುತ್ತಾ, ತಾನೇ ತಿನ್ನುತ್ತಿದ್ದಳು. ಯಾರೂ ತಿನ್ನು ಅನ್ನಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು, ಯಾರೂ ನೋಡದವರ ಹಾಗೆ ಊಟ ಮಾಡುತ್ತಿದ್ದೆವು.

ಕೊನೆಯ ತುತ್ತು ಬಾಯಲ್ಲಿಟ್ಟುಕೊಂಡೇ ಅವಳು ನನ್ನ ಕಡೆ ತಿರುಗಿದಳು. "ಅಜ್ಜಿ, ನಾಳೆ ಬೆಳಿಗ್ಗೆ ಏನು ತಿಂಡಿ?"

ಸೊಸೆಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಮಗ ತಲೆ ಎತ್ತಲಿಲ್ಲ. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಪಾಯಸ ಹಾಕಿ, "ನೀನು ಹೇಳಿದ್ದು" ಅಂದೆ.